ತೇಪೆ

ಮುನ್ನೂರು ಗಜದಾಚೆ, ಮಣ್ಣಿನ ಏರಿಯ ಕೆಳಗೆ,
ಗುಂಡಿಯಲ್ಲಿ ಕೂತವನು ನಾನು.
ನನಗೆ ಮೊದಲು ಕೇಳುವುದು ಗುಂಡು,
ಆಮೇಲೆ ಬಂದೂಕು.
ನೆತ್ತಿಯ ಮೇಲೆ ಗಾಳಿ ಒಣ ಸೌದೆಯ ಹಾಗೆ ಸೀಳಿ,
ಕಾಗದ ಟಪ್ಪೆಂದು,
ಆಗ ಎಲ್ಲಿಂದಲೋ, ಊಟ ಮುಗಿದ ಮೇಲೆ ಬಂದ ನೆಂಟನಂತೆ
ಅದರ ಸದ್ದು.

ಪಾಂಡವಪುರದಾಚೆಯ ಹಳೆ ಕೋರೆ ಇದು.
ನಮ್ಮಪ್ಪ ಚಪ್ಪಡಿ ಎಬ್ಬಿಸಿದ್ದು ಇಲ್ಲೇ,
ಕುಳಿಗೆ ಮದ್ದು ಗಿಡಿದು, ಬತ್ತಿ ಹಚ್ಚಿ
ಎದ್ದೆನೋ ಬಿದ್ದೆನೋ ಎಂದು ಓಡಿದ್ದು ಇಲ್ಲೇ.
ಕಲ್ಲು ಮುಗಿಯಿತು. ರೈಫಲ್ ಕ್ಲಬ್ಬಿನವರು ಬಂದರು.
ಈಗ ನನ್ನ ಕೈಯಲ್ಲಿ ಉದ್ದನೆ ಕೋಲು, ತುದಿಗೆ ಕೆಂಪು ಬಿಲ್ಲೆ,
ಪಕ್ಕದಲ್ಲಿ ಮೈದಾ ಅಂಟಿನ ಡಬ್ಬಿ, ಕಾಗದದ ಚೂರು.
ತೂತು ಬಿದ್ದರೆ ತೋರಿಸು, ತೋರಿಸಿದ ಮೇಲೆ ಮುಚ್ಚು,
ಇಷ್ಟೇ ವಿದ್ಯೆ.

ಕಾಳಾಚಾರ್ರು ಗಂಜಾಮಿನವರು, ಅಕ್ಕಸಾಲಿ.
ಭಾನುವಾರ ಲೂನಾ ಹತ್ತಿ, ಬಂದೂಕು ಬೆನ್ನಿಗೆ ಕಟ್ಟಿ ಬರುತ್ತಾರೆ.
‘ಹಾರ್ನೆಟ್ಟು ಅಂದ್ರೆ ಕಡಜ ಕಣೋ ಯಂಕ್ಟ,
ಸಣ್ಣ ಬಾಯಿ. ಕಚ್ಚಿದ ಮೇಲೇ ಗೊತ್ತಾಗೋದು.’
ಹೊಸ ತೋಟಾ ಕೊಳ್ಳುವವರಲ್ಲ.
ಹಾರಿದ ಹಿತ್ತಾಳೆ ಚಿಪ್ಪುಗಳನ್ನು ಗರಿಕೆಯಲ್ಲಿ ತಡಕಿ
ಕೋಳಿಮೊಟ್ಟೆ ಹೆಕ್ಕಿದಂತೆ ಜೇಬಿಗಿಳಿಸಿ,
ಮನೆಗೊಯ್ದು, ಹುಣಸೆ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ,
ಚಿನ್ನದ ತಕ್ಕಡಿಯಲ್ಲಿ ಮದ್ದು ತೂಗುತ್ತಾರೆ.

ಒಮ್ಮೆ ನೋಡಿದ್ದೇನೆ ನಾನು.
ಫ್ಯಾನು ಆರಿಸಿ, ಕದ ಹಾಕಿ, ಮೂಗಿನ ಮುಂದೆ ತಟ್ಟೆ;
ಒಂದು ಕಾಳು ಹೆಚ್ಚಾಯಿತೆಂದು
ಸೂಜಿಮೊನೆಯಲ್ಲಿ ಅದೊಂದನ್ನೇ ಎತ್ತಿದರು.
‘ಇಷ್ಟಕ್ಕೆಲ್ಲ ಏನಾಗುತ್ತೆ ಸ್ವಾಮಿ?’ ಅಂದೆ.
‘ಅಂಗಡೀಲಿ ಗುಲಗಂಜಿ ತೂಕ ಹೊಡೆದ್ರೂ
ಗಿರಾಕಿಗೆ ಗೊತ್ತಾಗಲ್ಲ.
ಇಲ್ಲಿ ಹೊಡೆದ್ರೆ ಮುನ್ನೂರು ಗಜದಲ್ಲಿ ಗೊತ್ತಾಗುತ್ತೆ.
ಅದಕ್ಕೇ ಬರ್ತೀನಿ.’

ಗಾಳಿಗೆಂದು ಕ್ಲಬ್ಬಿನವರು ಬಾವುಟ ನೆಟ್ಟಿದ್ದಾರೆ. ಅವರದನ್ನು ನೋಡರು.
ನಾಲೆಯಾಚೆ ಕಬ್ಬಿನ ಸೂಲಂಗಿ ಯಾವ ಕಡೆ ತಲೆ ಹಾಕಿತು,
ಆಲೆಮನೆಯ ಹೊಗೆ ನೆಟ್ಟಗೆ ಎದ್ದದ್ದು
ಎಲ್ಲಿ ಸೊಂಟ ಮುರಿಯಿತು,
ಅಷ್ಟು ನೋಡಿ, ಎರಡು ಕ್ಲಿಕ್ಕು ಬಲಕ್ಕೆ.
ಆಮೇಲೆ ಯೋಚಿಸಿ, ಒಂದು ವಾಪಸ್.

ಅವತ್ತು ಪಂದ್ಯ. ಹತ್ತು ಗುಂಡು.
ಒಂಬತ್ತೂ ಕಪ್ಪಿನೊಳಗೆ, ನನ್ನ ಅಂಗೈ ಮುಚ್ಚುವಷ್ಟರಲ್ಲಿ.
ಹತ್ತನೆಯದಕ್ಕೆ
ಕಾಗದದ ಸದ್ದೇ ಬೇರೆಯಿತ್ತು.
ಎಡಕ್ಕೆ, ಕೆಳಗೆ, ಕಪ್ಪಿನಿಂದ ನಾಲ್ಕು ಬೆರಳು ಆಚೆ.
ಕೈ ತಾನಾಗಿಯೇ ಹೋಯಿತು:
ಅಂಟು, ಚೂರು, ಹೆಬ್ಬೆಟ್ಟು.
ಕೋಲೆತ್ತಿ ನಟ್ಟನಡುವೆ ಇಟ್ಟೆ.

ಗುಂಡಿಯ ಫೋನು ಗಿರ್ರೆಂದಿತು.
‘ಯಂಕ್ಟಾ.’
ತುಸು ಹೊತ್ತು ಉಸಿರು ಮಾತ್ರ.
‘ಎಳೆದುಬಿಟ್ಟೆ ಕಣೋ. ಬೆರಳಿಗೆ ಗೊತ್ತು.
ಎಂಟು ಗಂಟೆ ಕಡೆ ನೋಡು.
ಅಂಟು ಇನ್ನೂ ಹಸಿ ಇರುತ್ತೆ.’

ಉಗುರಲ್ಲಿ ಎಬ್ಬಿಸಿದೆ. ಬಂತು.
ತೂತಿನೊಳಗೆ ಕೊತ್ತಂಬರಿ ಕಾಳಿನಷ್ಟು ಆಕಾಶ.
ಕೋಲನ್ನು ಅಲ್ಲಿಟ್ಟೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಹಿಡಿದೆ.

ನಾಲ್ಕನೆಯವರಾದರು. ಕಪ್ಪು ಮೈಸೂರಿನ ಯಾರೋ ಹುಡುಗಿಗೆ ಹೋಯಿತು.
ಸಂಜೆ ನಾಲೆ ಏರಿಯ ಮೇಲಿನ ಹೋಟೆಲಲ್ಲಿ
ನನಗೂ ಹೇಳಿ ಎರಡು ಬೋಂಡ ತರಿಸಿದರು.
ಅದರ ಮಾತೇ ಎತ್ತಲಿಲ್ಲ.
‘ಇವತ್ತೊಂದು ಚಿಪ್ಪು ಸಿಗಲಿಲ್ಲ ಕಣೋ,
ಮೂರನೇ ಚಾಪೆ ಹತ್ರ. ಕಂಡ್ರೆ ಎತ್ತಿಟ್ಟಿರು.’
ಹೂಂ ಅಂದೆ.
ಹೆಬ್ಬೆಟ್ಟಿನ ಮೇಲೆ ಅಂಟು ಒಣಗಿ
ಚರ್ಮ ಹಿಡಿದು ಎಳೆಯುತ್ತಿತ್ತು.